ಕಟ್ಟಳೆ ಯಾಕೆ, ಬಲಿ ಯಾಕೆ?

(ಹಾಸ್ಟೆಲ್ ಗೆಳೆಯರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಧರ್ಮಶಾಸ್ತ್ರ ಅನ್ನೋ ಮಾತು ಕೇಳಿದ ಕೂಡಲೆ ನಮ್ಮ ಮೈ ಉರಿಯುತ್ತದೆ. ವೇದ ಕೇಳಿದ ಶೂದ್ರನ ಕಿವಿಗೆ ಕರಗಿಸಿದ ತವರ, ಅರಗು ಹೊಯ್ಯಿರಿ ಅಂದದ್ದು ಗೌತಮ ಧರ್ಮಸೂತ್ರ. ಬಲಿ ಅಂದರೆ ಮಾರಿಹಬ್ಬದ ಕೋಣ ಕಣ್ಣಮುಂದೆ ಬರುತ್ತದೆ. ಕಡಿಯೋದು, ಹೊರೋದು, ತೊಳೆಯೋದು ನಮ್ಮ ಪಾಲು. ಪುಣ್ಯ ಮಾತ್ರ ಊರಿನದು. ಹಾಗಾಗಿ ಬೈಬಲ್ಲಿನಲ್ಲೂ ಶಾಸ್ತ್ರವಿದೆ, ಬಲಿಯಿದೆ ಅಂದರೆ ಪುಸ್ತಕ ಮುಚ್ಚಿಬಿಡುತ್ತೇವೆ. ಇವತ್ತು ಮುಚ್ಚೋದು ಬೇಡ. ಅವು ಯಾತಕ್ಕೆ ಬಂದವು, ಯಾರಿಗಾಗಿ ಬಂದವು, ನೋಡೋಣ.

ಬೈಬಲ್ಲಿನ ಕಥೆಯ ಪ್ರಕಾರ ಮೋಶೆಯ ಶಾಸ್ತ್ರ ಸಿಕ್ಕಿದ್ದು ರಾಜರಿಗಲ್ಲ, ಈಜಿಪ್ಟಿನಲ್ಲಿ ಇಟ್ಟಿಗೆ ಮಾಡಿ ಬೆನ್ನು ಮುರಿದುಕೊಂಡ ಜೀತದವರಿಗೆ. ಮೊದಲು ಬಿಡುಗಡೆ, ಆಮೇಲೆ ಕಟ್ಟಳೆ. ವಾರಕ್ಕೊಂದು ದಿನ ಆಳೂ ಎತ್ತೂ ದಣಿವಾರಿಸಿಕೊಳ್ಳಬೇಕು. ಯಾಕೆಂದರೆ ನೀವೂ ಜೀತದಲ್ಲಿದ್ದವರು ಅಂತ ಧರ್ಮೋಪದೇಶಕಾಂಡ ಕಾರಣ ಕೊಡುತ್ತದೆ. ಕೂಲಿಯನ್ನು ಬೆಳಗಿನ ತನಕ ಹಿಡಿದಿಟ್ಟುಕೊಳ್ಳಬಾರದು, ಹೊಲದ ಅಂಚಿನ ತೆನೆ ಬಡವನಿಗೆ ಬಿಡಬೇಕು ಅನ್ನುತ್ತದೆ ಯಾಜಕಕಾಂಡದ 19ನೇ ಅಧ್ಯಾಯ. ಅದೇ ಕಾಂಡದ 25ನೇ ಅಧ್ಯಾಯ ಹೊರಗಿನವರನ್ನು ಗುಲಾಮರಾಗಿ ಕೊಳ್ಳಲು ಒಪ್ಪುತ್ತದೆ. ಅದನ್ನೂ ಬಚ್ಚಿಡೋದು ಬೇಡ.

ಬಲಿ ಯಾಕೆ? ಪ್ರಾಣ ರಕ್ತದಲ್ಲಿದೆ, ಮಾಡಿದ ತಪ್ಪು ಬರೀ ಬಾಯಿಮಾತಿಂದ ತೊಳೆದುಹೋಗದು ಅಂತ ಅವರ ನಂಬಿಕೆ. ಕುರಿ ತರಲಾರದವನು ಎರಡು ಪಾರಿವಾಳ ತರಬಹುದು. ಅದೂ ಆಗದವನು ಒಂದಿಷ್ಟು ಹಿಟ್ಟು. ವರ್ಷಕ್ಕೊಮ್ಮೆ ಒಂದು ಹೋತವನ್ನು ಕೊಂದು, ಇನ್ನೊಂದರ ತಲೆಮೇಲೆ ಜನರ ಪಾಪ ಹೊರಿಸಿ ಅಡವಿಗೆ ಅಟ್ಟುತ್ತಿದ್ದರು.

ಆದರೆ ಉಳ್ಳವರಿಗೆ ಇದೇ ಸುಲಭದ ದಾರಿಯಾಯಿತು. ಬಡವನನ್ನು ತುಳಿಯೋದು, ಕೊಬ್ಬಿದ ಕರು ಹಿಡಿದು ದೇವರ ಮುಂದೆ ನಿಲ್ಲೋದು. ಕ್ರಿ.ಪೂ. 8ನೇ ಶತಮಾನದಲ್ಲೇ ಕುರಿ ಕಾಯುತ್ತಿದ್ದ ಆಮೋಸ ಇದರ ವಿರುದ್ಧ ಸಿಡಿದ. ಹೋಶೇಯನೂ ದನಿಗೂಡಿಸಿದ.

ಯೆರೂಸಲೇಮಿನ ದೇವಾಲಯದಲ್ಲಿ ಹೊರಗಿನವರಿಗೊಂದು ಅಂಗಳ, ಹೆಂಗಸರಿಗೊಂದು, ಗಂಡಸರಿಗೊಂದು, ಯಾಜಕರಿಗೊಂದು. ಒಳಗುಡಿಗೆ ಮಹಾಯಾಜಕನೊಬ್ಬನೇ, ಅದೂ ವರ್ಷದಲ್ಲಿ ಒಂದೇ ದಿನ. ಗಡಿ ದಾಟಿ ಬಂದ ಪರಕೀಯನ ಸಾವಿಗೆ ಅವನೇ ಹೊಣೆ ಅಂತ ಗ್ರೀಕಿನಲ್ಲಿ ಕೆತ್ತಿದ ಕಲ್ಲು 1871ರಲ್ಲಿ ಸಿಕ್ಕಿತು. ಈಗ ಅದು ಇಸ್ತಾನ್‌ಬುಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಇಂಥ ಬೋರ್ಡು ಓದೋಕೆ ನಮಗೆ ಗ್ರೀಕ್ ಬೇಕಿಲ್ಲ.

ಯೇಸು ಹುಟ್ಟಿದಾಗ ಅವನ ತಾಯಿತಂದೆ ಅರ್ಪಿಸಿದ್ದು ಬಡವರ ಕಾಣಿಕೆ, ಎರಡು ಹಕ್ಕಿ ಅನ್ನುತ್ತಾನೆ ಲೂಕ. ಬೆಳೆದ ಮೇಲೆ ಅದೇ ದೇವಾಲಯದಲ್ಲಿ ಪಾರಿವಾಳ ಮಾರುವವರ ಮಣೆಗಳನ್ನು ಯೇಸು ಕೆಡವಿದ. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ. ಮೈಲಿಗೆ ಇವನಿಗೆ ಅಂಟಲಿಲ್ಲ, ಅವನು ಗುಣವಾದ.

ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಶಾಸ್ತ್ರವನ್ನು, ಗ್ರೀಕರ ಮನೆಗಳಲ್ಲಿ ಹುಡುಗನನ್ನು ಸ್ಕೂಲಿಗೆ ಕರೆದೊಯ್ಯುತ್ತಿದ್ದ ಗುಲಾಮನಿಗೆ ಹೋಲಿಸಿದ. ಹುಡುಗ ದೊಡ್ಡವನಾದ ಮೇಲೆ ಅವನ ಕೆಲಸ ಮುಗೀತು. ಶಾಸ್ತ್ರ ತಪ್ಪನ್ನು ತೋರಿಸಬಲ್ಲದು, ಬಿಡಿಸಲಾರದು ಅಂತ ಪೌಲನ ವಾದ. ಇಬ್ರಿಯರಿಗೆ ಬರೆದ ಪತ್ರ ಬಲಿಯ ಲೆಕ್ಕವನ್ನೇ ಮುಗಿಸುತ್ತದೆ: ಹೋತದ ರಕ್ತ ಮನಸ್ಸನ್ನು ತೊಳೆಯದು, ಕ್ರಿಸ್ತ ತನ್ನನ್ನೇ ಒಂದೇ ಸಲ ಕೊಟ್ಟುಕೊಂಡ, ಇನ್ನು ಬಲಿ ಬೇಕಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟ ಮೇಲೆ ಯೆಹೂದಿಗಳೂ ಬಲಿಯಿಲ್ಲದೆ, ಪ್ರಾರ್ಥನೆ ದಾನಗಳಲ್ಲಿ ಧರ್ಮ ಉಳಿಸಿಕೊಂಡರು.

ಅದೇ ಇಬ್ರಿಯರ ಪತ್ರದ ಕೊನೆಯಲ್ಲಿ, ಯೇಸು ಸತ್ತದ್ದು ಊರಬಾಗಿಲ ಹೊರಗೆ, ಅವನನ್ನು ಸೇರಬೇಕಾದವರು ಅಲ್ಲಿಗೇ ಹೋಗಬೇಕು ಅನ್ನೋ ಅರ್ಥದ ಮಾತಿದೆ. ಊರ ಹೊರಗೆ ಯಾರಿದ್ದಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1980ರ ದಶಕದಲ್ಲಿ ದಲಿತ ಕ್ರೈಸ್ತರು ತಮ್ಮದೇ ದೇವಚಿಂತನೆ ಕಟ್ಟಲು ಹೊರಟರು, ಅರವಿಂದ ಪಿ. ನಿರ್ಮಲ್ ಅದರ ಮೊದಲಿಗರಲ್ಲೊಬ್ಬರು.

ಈಗ ನಮ್ಮ ಪ್ರಶ್ನೆ. ಬಲಿ ಮುಗಿಯಿತು ಅನ್ನೋ ಧರ್ಮದ ಕೆಲವು ಸ್ಮಶಾನಗಳಲ್ಲಿ ಜಾತಿಯ ಗೋಡೆ ಯಾಕೆ? ಕ್ರಿಸ್ತನಂತೆ ಸಹಿಸಿಕೊಳ್ಳಿ ಅನ್ನೋ ಉಪದೇಶ ಬಡವನಿಗೇ ಯಾಕೆ? ತಾನಾಗಿ ಕೊಟ್ಟುಕೊಂಡದ್ದು ಬೇರೆ, ಹಗ್ಗ ಕಟ್ಟಿ ಎಳೆದೊಯ್ದದ್ದು ಬೇರೆ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಬೆಂಕಿಗೆ ಸಿಕ್ಕ ನಮ್ಮ ಏಳು ಜನ ಯಾವ ಯಜ್ಞಕ್ಕೂ ಒಪ್ಪಿರಲಿಲ್ಲ. ಅದನ್ನು ತ್ಯಾಗ ಅನ್ನಬೇಡಿ, ಕೊಲೆ ಅನ್ನಿ.

ಗೆಳೆಯರೆ, ಯಾವ ಧರ್ಮದ ಪುಸ್ತಕ ಕೈಗೆ ಬಂದರೂ ಎರಡು ಮಾತು ಕೇಳಿ. ಈ ಕಟ್ಟಳೆ ಯಾರ ಕೂಲಿ ಕಾಯುತ್ತದೆ? ಇಲ್ಲಿ ಸಾಯುವವನು ಯಾರು? ಉತ್ತರ ಸಿಗೋವರೆಗೂ ಎದ್ದು ನಿಂತು ಕೇಳ್ತಾ ಇರೋಣ.