ಊಟ ಹಾಕಿ ಓದಿಸಿದ ಕಾಮರಾಜರು



ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಒಂದು ಮಾತು ಕೇಳಿದರು. “ಟೀಚರ್, ಹೊಟ್ಟೆಗೆ ಇಲ್ಲದೋರಿಗೆ ಓದು ಯಾಕೆ? ಕಳೆ ಕೀಳೋ ಕಾಲ ಬಂದರೆ ಮಗಳನ್ನ ಶಾಲೆ ಬಿಡಿಸಲೇಬೇಕು. ಕೂಸು ನೋಡಿಕೊಳ್ಳೋರು ಯಾರು?” ಆ ಹೊತ್ತು ನಾವು ಉತ್ತರ ಕೊಡಲಿಲ್ಲ. ಅವರ ಕಷ್ಟ ನಿಜವಾದ ಕಷ್ಟ. ಇವತ್ತು ಅದೇ ಮಾತಿಗಾಗಿ ಒಬ್ಬರ ಕಥೆ ಹೇಳುತ್ತೇವೆ. ಇದು ನಡೆದ ಕಥೆ.

ತಮಿಳುನಾಡಿನಲ್ಲಿ ವಿರುದುನಗರ ಅಂತ ಒಂದು ಊರು. ಅಲ್ಲಿ 1903ರ ಜುಲೈ 15ರಂದು ಒಂದು ಗಂಡು ಮಗು ಹುಟ್ಟಿತು. ಹೆಸರು ಕಾಮರಾಜ. ಮಗುವಿಗೆ 6 ವರ್ಷ ಆದಾಗ ತಂದೆ ತೀರಿಕೊಂಡರು. ತಾಯಿ ಶಿವಕಾಮಿ ಅಮ್ಮಾಳ್ ತಮ್ಮ ಒಡವೆಗಳನ್ನು ಒಬ್ಬ ವ್ಯಾಪಾರಿಯ ಹತ್ತಿರ ಕೊಟ್ಟರು. ಕಿವಿಯ ಓಲೆ ಮಾತ್ರ ಉಳಿಸಿಕೊಂಡರು. ತಿಂಗಳು ತಿಂಗಳು ಬರುವ ಬಡ್ಡಿಯಲ್ಲಿ ಸಂಸಾರ ನಡೆಸಿದರು. ಒಡವೆ ಕೊಟ್ಟು ಮನೆ ನಡೆಸುವ ಕಷ್ಟ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ?

ಹುಡುಗ 12 ವರ್ಷದ ಹೊತ್ತಿಗೆ ಶಾಲೆ ಬಿಟ್ಟ. ಮಾವನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಆದರೆ ಕಲಿಯುವುದನ್ನು ಬಿಡಲಿಲ್ಲ. ಪತ್ರಿಕೆ ಓದುತ್ತಿದ್ದ, ಸಭೆಗಳಿಗೆ ಹೋಗಿ ಭಾಷಣ ಕೇಳುತ್ತಿದ್ದ. ಆಗ ನಮ್ಮ ದೇಶವನ್ನು ಇಂಗ್ಲಿಷರು ಆಳುತ್ತಿದ್ದರು. ಕಾಮರಾಜರು ಗಾಂಧೀಜಿಯ ದಾರಿ ಹಿಡಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಜೈಲು ಸೇರಿದರು. ಒಟ್ಟು ಸುಮಾರು 9 ವರ್ಷ ಜೈಲಿನಲ್ಲಿ ಕಳೆದರು. ಜೈಲಿನಲ್ಲೂ ಪುಸ್ತಕ ಹಿಡಿದು ಓದಿದರು. ದೊಡ್ಡವರಾದ ಮೇಲೂ ಕಲಿಯಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸ್ವಾತಂತ್ರ್ಯ ಬಂತು. 1954ರಲ್ಲಿ ಕಾಮರಾಜರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ಆದರು. ಆಗ ಮಂಗಳೂರು, ಉಡುಪಿ, ಕೊಳ್ಳೇಗಾಲ ಎಲ್ಲ ಆ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಆ ಕಡೆಯ ನಮ್ಮ ಜನರಿಗೂ ಅವರೇ ಮುಖ್ಯಮಂತ್ರಿ.

ಅವರಿಗಿಂತ ಮುಂಚೆ ಅಲ್ಲಿ ಒಂದು ಯೋಜನೆ ಬಂದಿತ್ತು. ಹಳ್ಳಿ ಮಕ್ಕಳು ಅರ್ಧ ದಿನ ಶಾಲೆಗೆ ಹೋಗಬೇಕು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು ಅಂತ. ಹಾಗಾದರೆ ಕುಂಬಾರನ ಮಗ ಕುಂಬಾರನಾಗಿಯೇ ಇರಬೇಕೇ ಎಂದು ಜನ ಸಿಟ್ಟಾದರು. ಕಾಮರಾಜರು ಬಂದ ವರ್ಷವೇ ಆ ಯೋಜನೆಯನ್ನು ಕೈಬಿಟ್ಟರು. ಹಳ್ಳಿ ಹಳ್ಳಿಗೆ ಶಾಲೆ ತೆರೆಸಿದರು.

ಜನ ಒಂದು ಕಥೆ ಹೇಳುತ್ತಾರೆ. ಒಂದು ಸಲ ಕಾಮರಾಜರು ಕಾರಿನಲ್ಲಿ ಹೋಗುತ್ತಿದ್ದರಂತೆ. ದಾರಿಯಲ್ಲಿ ಒಬ್ಬ ಹುಡುಗ ದನ ಕಾಯುತ್ತಿದ್ದ. “ಯಾಕಪ್ಪಾ ಶಾಲೆಗೆ ಹೋಗಿಲ್ಲ?” ಎಂದು ಇವರು ಕೇಳಿದರು. “ಶಾಲೆಗೆ ಹೋದರೆ ಊಟ ಯಾರು ಕೊಡ್ತಾರೆ?” ಎಂದ ಹುಡುಗ. ನೋಡಿ, ನಮ್ಮ ಅಕ್ಕ ಕೇಳಿದ್ದೂ ಇದೇ ಮಾತು!

ಕಾಮರಾಜರು ಆ ಹುಡುಗನಿಗೆ ಬುದ್ಧಿ ಹೇಳುತ್ತಾ ಕೂರಲಿಲ್ಲ. 1956ರಿಂದ ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಡಿಸಲು ಹೊರಟರು. ಸರ್ಕಾರದ ಹಣ ಒಂದೇ ಸಾಲದು ಎಂದು ಜನರ ಹತ್ತಿರವೂ ಹೋದರು. ಊರಿನ ಜನ ಕೈಲಾದದ್ದು ಕೊಟ್ಟರು. ಊಟ ಸಿಕ್ಕಿತು, ಬಡವರ ಮಕ್ಕಳು ಶಾಲೆಗೆ ಬಂದರು.

1963ರಲ್ಲಿ ಅವರು ತಾವಾಗಿಯೇ ಮುಖ್ಯಮಂತ್ರಿ ಪದವಿ ಬಿಟ್ಟರು. ಪಕ್ಷದ ಕೆಲಸಕ್ಕೆ ನಿಂತು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಲಾಲ್ ಬಹದ್ದೂರ್ ಶಾಸ್ತ್ರಿ, ಆಮೇಲೆ ಇಂದಿರಾ ಗಾಂಧಿ ಪ್ರಧಾನಿ ಆಗುವುದರಲ್ಲಿ ಅವರ ಮಾತು ನಡೆಯಿತು. ಅಷ್ಟು ದೊಡ್ಡ ನಾಯಕರನ್ನು 1967ರಲ್ಲಿ ಅವರ ಸ್ವಂತ ಊರಿನ ಮತದಾರರೇ ಸೋಲಿಸಿದರು. ಗೆದ್ದವರು ಒಬ್ಬ ಚಿಕ್ಕ ವಯಸ್ಸಿನ ವಿದ್ಯಾರ್ಥಿ ನಾಯಕ. ನಮ್ಮ ಒಂದೊಂದು ಓಟಿಗೂ ಎಷ್ಟು ಬಲ ಇದೆ ನೋಡಿ.

ಕಾಮರಾಜರು ಮದುವೆ ಆಗಲಿಲ್ಲ. ಮದ್ರಾಸಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದರು. 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ತೀರಿಕೊಂಡರು. 1976ರಲ್ಲಿ ಅವರಿಗೆ ಭಾರತ ರತ್ನ ಬಂತು.

ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಎಂದು 2001ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಈಗ ನಮ್ಮ ಶಾಲೆಗಳಲ್ಲಿ ಬಿಸಿಯೂಟ ಮಾಡಿ ಬಡಿಸುವವರು ನಮ್ಮಂಥ ಹೆಣ್ಣುಮಕ್ಕಳೇ ಅಲ್ಲವೇ?

ಈಗ ಆ ಅಕ್ಕನ ಮಾತಿಗೆ ಬರೋಣ. ಊಟದ ಚಿಂತೆಗೆ ಶಾಲೆಯಲ್ಲಿ ಬಿಸಿಯೂಟ ಇದೆ. ಉಳಿದದ್ದು ಕೂಸಿನ ಚಿಂತೆ. ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಏನು ಅನುಕೂಲ ಇದೆ? ಒಬ್ಬರೇ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ನಾವೆಲ್ಲ ಸೇರಿ ಗ್ರಾಮಸಭೆಯಲ್ಲಿ ಕೇಳೋಣ. ಅರ್ಜಿ ನಾವೇ ಬರೆಯೋಣ. ಬೆರಳಿಗೆ ಮಸಿ ಬೇಡ, ನಮ್ಮ ಹೆಸರು ನಾವೇ ಬರೆದು ರುಜು ಹಾಕೋಣ. ಕಳೆ ಕೀಳುವ ಕಾಲ ಬರುವ ಮುಂಚೆಯೇ ಕೇಳೋಣ. ಆ ಹುಡುಗಿ ಈ ವರ್ಷ ಶಾಲೆ ಬಿಡುವುದು ಬೇಡ.