ಯಾವ ಓಣಿ, ಯಾರ ಖೋಲಿ?

(ಹವಳಗಾದಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದೆ.)



ಕವಿತೆ ಓದ್ರಿ ಅಂತ ನಮ್ಮನ್ನು ಕರೆದಿದ್ದೀರಿ. ಕವಿತೆ ಇನ್ನೊಂದು ದಿನ ಓದೋಣ. ಪರೀಕ್ಷೆ ಮುಗಿದಿವೆ. ಇನ್ನು ಸ್ವಲ್ಪ ದಿನಕ್ಕೆ ಹವಳಗಾದಿಂದ, ಅಫಜಲಪುರ, ಜೇವರ್ಗಿ, ಆಳಂದದ ಹಳ್ಳಿಗಳಿಂದ ನಮ್ಮ ಹುಡುಗ ಹುಡುಗಿಯರು ಗಂಟು ಕಟ್ಟಿಕೊಂಡು ಕಲಬುರಗಿ ಬಸ್ಸು ಹತ್ತುತ್ತಾರೆ. ಹಾಸ್ಟೆಲಿನಲ್ಲಿ ಸೀಟು ಸಿಕ್ಕವನು ಬಚಾವಾದ. ಸಿಗದವನು ಲಿಸ್ಟಿನಲ್ಲಿ ತನ್ನ ಹೆಸರಿಲ್ಲ ಅಂತ ಗೊತ್ತಾದ ಮಧ್ಯಾಹ್ನದಿಂದಲೇ ಓಣಿ ಓಣಿ ತಿರುಗಬೇಕು. ಆ ತಿರುಗಾಟದ ಬಗ್ಗೆ ಇವತ್ತು ಮಾತಾಡೋಣ.

ಮನೆ ನೋಡುವವರಿಗೆ ಎಲ್ಲರೂ ಹೇಳುವ ಬುದ್ಧಿ ಒಂದೇ: ಬಾಡಿಗೆ ಅಗ್ಗ ಇರಬೇಕು, ಓಣಿ ಒಳ್ಳೇದಿರಬೇಕು. ಒಳ್ಳೇದು ಅಂದರೆ ಯಾರಿಗೆ? ಬೇರೆಯವರಿಗೆ ಕಳ್ಳರಿಲ್ಲದ ಓಣಿ ಒಳ್ಳೆಯ ಓಣಿ. ನಮ್ಮ ಖೋಲಿಯಲ್ಲಿ ಕಳ್ಳನಿಗೆ ಸಿಗುವುದು ಎರಡು ತಟ್ಟೆ, ನಾಲ್ಕು ಪುಸ್ತಕ. ನಮ್ಮ ಭಯ ಬೇರೆಯದು. "ಯಾವ ಮಂದಿ ನೀವು?" ಅನ್ನುವ ಪ್ರಶ್ನೆಯ ಭಯ ಅದು.

ನಾವೂ ಒಮ್ಮೆ ಆ ಪ್ರಶ್ನೆಯ ಮುಂದೆ ನಿಂತೆವು. ಬಿ.ಎ. ಎರಡನೇ ವರ್ಷ, ಮೂವರು ಹುಡುಗರು. ಐದು ಮನೆ ಸುತ್ತಿದ್ದೆವು. ಆರನೇ ಮನೆಯ ಆಯಿ ಒಳ್ಳೆಯವಳೇ. "ಬರ್ರಿ ತಮ್ಮ, ಕುಂದರ್ರಿ" ಅಂದಳು, ತಂಬಿಗೆ ತುಂಬ ನೀರು ಕೊಟ್ಟಳು. ಯಾವೂರು ಅಂದಳು, ಹೇಳಿದೆವು. ಏನು ಓದ್ಲತ್ತೀರಿ ಅಂದಳು, ಹೇಳಿದೆವು. ಆಮೇಲೆ, "ಅಡ್ಡಹೆಸರೇನು ತಮ್ಮ?" ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಒಬ್ಬ ಒಂದು ಅಡ್ಡಹೆಸರು ಹೇಳಿಬಿಟ್ಟ. ಅದು ನಮ್ಮ ಊರ ಗೌಡರ ಮನೆಯ ಹೆಸರು! ನಗಬೇಡಿ, ಆವಾಗ ನಮಗೆ ನಗು ಬಂದಿರಲಿಲ್ಲ. ಖೋಲಿ ಸಿಕ್ಕಿತು. ನಳ ಇತ್ತು, ಫ್ಯಾನ್ ಇತ್ತು, ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಬಾಡಿಗೆಯೂ ಅಗ್ಗ.

ಬಾಬಾಸಾಹೇಬರ ಫೋಟೊ ನಾಲ್ಕು ತಿಂಗಳು ಟ್ರಂಕಿನ ತಳದಲ್ಲಿ ಅಂಗಿಯ ಕೆಳಗೆ ಮಲಗಿತ್ತು. ಗೆಳೆಯರು ಫೋನ್ ಮಾಡಿ "ಜೈ ಭೀಮ್" ಅಂದರೆ ಹೊರಗೆ ಹೋಗಿ ಮಾತಾಡುತ್ತಿದ್ದೆವು. ಒಂದು ದಿನ ನಮ್ಮಲ್ಲೊಬ್ಬನ ಅಪ್ಪ ರೊಟ್ಟಿ ಗಂಟು, ಶೇಂಗಾ ಹಿಂಡಿ ಹಿಡಿದುಕೊಂಡು ಊರಿಂದ ಬಂದ. "ನಿಮ್ಮ ಖೋಲಿ ನೋಡ್ಬೇಕಪ್ಪ" ಅಂದ. "ದೂರ ಅದ, ನೀ ದಣೀತಿ" ಅಂತ ಬಸ್ ಸ್ಟ್ಯಾಂಡಿನಲ್ಲೇ ಗಂಟು ಇಸಗೊಂಡು, ಚಹಾ ಕುಡಿಸಿ, ಬಂದ ಬಸ್ಸಿಗೇ ಹತ್ತಿಸಿ ಕಳಿಸಿದೆವು. ಅವನ ಮಾತು, ಅವನ ಧೋತರ, ಅವನು ಬಾಗಿಲ ಹೊರಗೆ ನಿಂತುಕೊಳ್ಳುವ ರೀತಿ ನಮ್ಮ ಗುಟ್ಟು ಬಿಟ್ಟುಕೊಡುತ್ತದೆ ಅಂತ ನಮಗೆ ಅಂಜಿಕೆ. ಆ ರಾತ್ರಿ ರೊಟ್ಟಿ ಯಾರಿಗೂ ಇಳಿಯಲಿಲ್ಲ. ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ ಗೆಳೆಯರೇ. ಮುಂದಿನ ತಿಂಗಳು ನಾವೇ ಬಿಟ್ಟೆವು. ಬಿಡುವಾಗ ಆಯಿಗೆ ಖರೆ ಹೇಳುವ ಧೈರ್ಯವೂ ಬರಲಿಲ್ಲ.

ಆ ಖೋಲಿ ಅಗ್ಗದ್ದಾಗಿತ್ತೇ? ಈ ಲೆಕ್ಕವನ್ನು ನಾವು ಇನ್ನೂ ಮಾಡುತ್ತಲೇ ಇದ್ದೇವೆ.

ಸುಳ್ಳು ಹೇಳಿದವರನ್ನು ನಾವು ಹಳಿಯುವುದಿಲ್ಲ. 1917ರಲ್ಲಿ ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೂ ಖೋಲಿ ಸಿಗಲಿಲ್ಲ. ಪಾರ್ಸಿ ಹೆಸರೊಂದನ್ನು ರಿಜಿಸ್ಟರಿನಲ್ಲಿ ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ದಿನಕ್ಕೆ ಒಂದೂವರೆ ರೂಪಾಯಿ. ಬಾವಲಿ ಹಾರಾಡುವ ಕತ್ತಲ ಕೋಣೆ, ಮಾತಿಗೆ ಒಬ್ಬ ಮನುಷ್ಯನಿಲ್ಲ. 11ನೇ ದಿನ ಬಡಿಗೆ ಹಿಡಿದ ಪಾರ್ಸಿಗಳು ಬಂದು ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಮನೆಯೊಳಗೆ ಕರೆದುಕೊಳ್ಳಲು ಆಗದು ಅಂದರು. ಊರ ತೋಟದಲ್ಲಿ ತಾಸುಗಟ್ಟಲೆ ಕುಂತು, ರಾತ್ರಿಯ ರೈಲಿಗೆ ಅವರು ಮುಂಬಯಿಗೆ ಮರಳಿದರು. ಅಷ್ಟು ಓದಿದವರಿಗೇ ಹೀಗಾಯಿತು.

ಅದು ಹಳೆಯ ಕಾಲ ಅನ್ನುವವರಿದ್ದಾರೆ. 2012ರಲ್ಲಿ ಸುಖದೇವ್ ಥೋರಾಟ್ ಮತ್ತು ಸಂಗಡಿಗರು ದೆಹಲಿಯ ಸುತ್ತಮುತ್ತ ಒಂದು ಪರೀಕ್ಷೆ ಮಾಡಿದರು. ಫೋನಿನಲ್ಲಿ ಬಾಡಿಗೆ ಮನೆ ಕೇಳಿದಾಗ ಮೇಲ್ಜಾತಿಯ ಹೆಸರಿನವರಿಗೆ ಯಾರೂ ಇಲ್ಲ ಅನ್ನಲಿಲ್ಲ. ದಲಿತ ಹೆಸರಿನವರಲ್ಲಿ 100ಕ್ಕೆ 18 ಮಂದಿಗೆ ನೇರ ಇಲ್ಲ, 23 ಮಂದಿಗೆ ಷರತ್ತು. ಮುಸ್ಲಿಮರ ಪಾಡು ಇನ್ನೂ ಕಡೆ, 100ಕ್ಕೆ 31 ಮಂದಿಗೆ ಬಾಗಿಲು ಮುಚ್ಚಿತು. ದೆಹಲಿಯ ಮಾಲಕನಿಗೂ ನಮ್ಮ ಕಡೆಯ ಮಾಲಕನಿಗೂ ಭಾಷೆ ಬೇರೆ, ಅಷ್ಟೇ.

ಕಾನೂನು ಇಲ್ಲವೇ? ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಯಾವುದೇ ಓಣಿಯಲ್ಲಿ ಮನೆ ಮಾಡಿಕೊಂಡು ಇರುವುದನ್ನು ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ ಅದರ 4ನೇ ಕಲಮಿನ ಪ್ರಕಾರ ಅಪರಾಧ. ಆದರೆ ಮಾಲಕ ಜಾತಿಯ ಮಾತೇ ಎತ್ತುವುದಿಲ್ಲವಲ್ಲ! "ನಮ್ಮ ಅಳಿಯ ಬರ್ಲತ್ತಾನ, ಖೋಲಿ ಅವನಿಗೆ ಬೇಕು" ಅನ್ನುತ್ತಾನೆ. ಈ ಶಹರದಲ್ಲಿ ಅಳಿಯಂದಿರು ಎಷ್ಟಪ್ಪ! "ವೆಜ್ ಇದ್ದವ್ರಿಗಷ್ಟೇ" ಅಂತ ಬೋರ್ಡು ಹಾಕುತ್ತಾನೆ. ಅಳಿಯನ ಮೇಲೆ ಕೇಸು ಹಾಕುವುದು ಹೇಗೆ? ಬಾಯಿಬಿಟ್ಟು ಜಾತಿ ಹಿಡಿದು ಬೈದರೆ, ಇದ್ದ ಖೋಲಿಯಿಂದ ಜಾತಿಯ ಕಾರಣಕ್ಕೆ ಹೊರದಬ್ಬಿದರೆ, ಸಾಕ್ಷಿ ಇಟ್ಟುಕೊಂಡು ಠಾಣೆಗೆ ಹೋಗಿ. 1989ರ ದೌರ್ಜನ್ಯ ತಡೆ ಕಾಯ್ದೆ ಇರುವುದು ಇಂಥದಕ್ಕೇ. ಒಬ್ಬರೇ ಹೋಗಬೇಡಿ.

ಹಾಗಾದರೆ ನಮ್ಮ ಮಂದಿಯ ಓಣಿಗೇ ಹೋಗೋಣ ಅನ್ನುತ್ತೀರಿ. ಸಣ್ಣ ಮಾತಲ್ಲ ಅದು. 1942ರಲ್ಲಿ ನಾಗಪುರದ ಪರಿಷತ್ತಿನಲ್ಲಿ ನಮ್ಮವರೇ ನಮಗೆ ಪ್ರತ್ಯೇಕ ಹಳ್ಳಿ ಬೇಕು ಅಂತ ಠರಾವು ಮಾಡಿದ್ದರು, ಬಾಬಾಸಾಹೇಬರು ಅದರ ಹಿಂದೆ ಇದ್ದರು. ಆದರೆ ಅವರು ಕೇಳಿದ್ದು ಭೂಮಿ ಇರುವ ಹಳ್ಳಿಯನ್ನು, ಗಟಾರದ ದಂಡೆಯನ್ನಲ್ಲ. ನಮ್ಮ ಓಣಿಯಲ್ಲಿ ಅಡ್ಡಹೆಸರು ಕೇಳುವುದಿಲ್ಲ, ಜ್ವರ ಬಂದರೆ ಪಕ್ಕದ ಅವ್ವ ಗಂಜಿ ಕೊಡುತ್ತಾಳೆ. ಖರೆ. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ರಾತ್ರಿ ಓದಲು ಬಿಡುತ್ತಾರೋ, ಇದನ್ನೂ ಕೇಳಿ. ನಮ್ಮವರು ಅಂತ ಕಣ್ಣು ಮುಚ್ಚಬೇಡಿ. ನಮ್ಮವರಲ್ಲೂ ಹೊಲೆಯ, ಮಾದಿಗ ಅಂತ ಕೇಳಿ ಖೋಲಿ ಕೊಡುವವರಿದ್ದಾರೆ. ನಾಚಿಕೆಯಾದರೂ ಹೇಳಬೇಕು.

ರೊಕ್ಕದ ವಿಷಯ. ಊರ ಹೊರಗೆ 2,500ಕ್ಕೆ ಖೋಲಿ, ಕಾಲೇಜಿನ ಹತ್ತಿರ 4,000ಕ್ಕೆ ಖೋಲಿ ಇದೆ ಅಂದುಕೊಳ್ಳಿ. ಹೊರಗಿನದು ಅಗ್ಗ ಅನಿಸುತ್ತದೆ. ದಿನಕ್ಕೆ 40 ರೂಪಾಯಿ ಆಟೋ, 25 ದಿನಕ್ಕೆ 1,000. ಉಳಿದದ್ದು 500, ಅದೂ ನೀರಿನ ಕ್ಯಾನಿಗೆ ಹೋಗುತ್ತದೆ. ಮಾಳಿಗೆ ಮೇಲೆ ತಗಡು ಹೊದಿಸಿದ ಖೋಲಿ ಚಳಿಗಾಲದಲ್ಲಿ ನೋಡಿದರೆ ಚಂದ. ಕಲಬುರಗಿಯ ಮೇ ತಿಂಗಳು 43 ಡಿಗ್ರಿ ದಾಟುತ್ತದೆ, ಪರೀಕ್ಷೆಗೆ ಓದುವುದು ಆ ತಗಡಿನ ಕೆಳಗೆ. ಮಧ್ಯಾಹ್ನ ಎರಡಕ್ಕೆ ಹೋಗಿ ಖೋಲಿ ನೋಡಿ. ಕರೆಂಟಿನ ಮಾತೂ ಅಷ್ಟೇ. 2023ರಲ್ಲಿ ಶುರುವಾದ ಗೃಹಜ್ಯೋತಿ ಬಾಡಿಗೆಯವರಿಗೂ ಇದೆ. ಖೋಲಿಗೆ ಬೇರೆ ಮೀಟರು, ಬೇರೆ ಆರ್.ಆರ್. ನಂಬರು ಇದೆಯೋ ಕೇಳಿ. ಬಿಲ್ಲು ಸೊನ್ನೆ ಬಂದರೂ ಬಾಡಿಗೆಯವರಿಂದ ಕರೆಂಟಿನ ರೊಕ್ಕ ವಸೂಲಿ ಮಾಡುವ ಮಾಲಕರನ್ನು ಕಂಡಿದ್ದೇವೆ.

ತಂಗಿಯರ ಲೆಕ್ಕ ಬೇರೆ. 2023ರ ಜೂನಿನಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ, ಹಾಗಾಗಿ ದೂರದ ಓಣಿ ಅವರಿಗೆ ಕೈಗೆಟಕುತ್ತದೆ. ಆದರೆ ಕಡೆಯ ಬಸ್ಸು ಎಷ್ಟಕ್ಕೆ? ಬಸ್ಸಿಳಿದ ಮೇಲೆ ಬೆಳಕು ಎಲ್ಲಿವರೆಗೆ? ಸಂಡಾಸ ಮನೆಯೊಳಗೋ ಹೊರಗೋ, ಹೊರಗಿದ್ದರೆ ಅದಕ್ಕೆ ಒಳಚಿಲಕ ಇದೆಯೋ? ಇದನ್ನು ಗಂಡುಮಕ್ಕಳಾದ ನಾವು ಕೇಳುವುದು ಮರೆಯುತ್ತೇವೆ, ಹೋದ ವರ್ಷ ಒಬ್ಬ ತಂಗಿಗೆ ಖೋಲಿ ನೋಡಲು ಹೋಗಿ ಮರೆತೇ ಬಂದೆವು. ಅವಳೇ ಮತ್ತೆ ಹೋಗಿ ನೋಡಿ, "ಅಣ್ಣಾ, ಆ ಬಾಗಿಲಿಗೆ ಚಿಲಕಿಲ್ಲ" ಅಂದಳು. ಖೋಲಿ ಬೇಡವಾಯಿತು.

ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಒಂದು ಮಾತು. ನಮ್ಮೂರ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬರುವವರು ಹೊಲದ ಬದಿಗೆ ಗುಡಿಸಲು ಹಾಕುತ್ತಾರೆ, ಅವರ ಅಡ್ಡಹೆಸರು ಯಾರಿಗೂ ಬೇಡ. ಬೆಂಗಳೂರಿನಲ್ಲಿ ನಮ್ಮ ಕಡೆಯ ಕೂಲಿಗಳು ಇರುವುದೂ ಹಾಗೇ, ಖಾಲಿ ಜಾಗದ ಶೆಡ್ಡುಗಳಲ್ಲಿ, ಬಾಡಿಗೆ ಕೊಟ್ಟು, ಕಾಗದವಿಲ್ಲದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳನ್ನು ಬಾಂಗ್ಲಾದೇಶಿಗಳವು ಅಂತ ಹೇಳಿ ಕೆಡವಿದರು. ಒಳಗೆ ಇದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಆಧಾರ್ ಹಿಡಿದು ನಿಂತಿದ್ದರು. ಹೈಕೋರ್ಟಿನವರೆಗೂ ಹೋಯಿತು. ಅಷ್ಟರಲ್ಲಿ ಪಾತ್ರೆ ಪಗಡ ಬೀದಿಗೆ ಬಿದ್ದಾಗಿತ್ತು. ಅಗ್ಗದ ಜಾಗ ಕೇಳುವ ಮೊದಲು ಆ ಜಾಗ ಯಾರದು ಅಂತ ಕೇಳಿ. ಬಾಡಿಗೆ ಕರಾರುಪತ್ರ ಬರೆಸಿಕೊಳ್ಳಿ. 11 ತಿಂಗಳದ್ದು ಯಾಕೆ ಬರೆಯುತ್ತಾರೆ ಅಂದರೆ, ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ 1908ರ ಕಾಯ್ದೆ ಹೇಳುತ್ತದೆ. 11 ತಿಂಗಳದ್ದಾದರೂ ಸರಿ, ಅದರಲ್ಲಿ ಡಿಪಾಜಿಟ್ಟಿನ ಮೊತ್ತ ಅಕ್ಷರದಲ್ಲಿ ಇರಲಿ.

ಅಡ್ಡಹೆಸರು ಕೇಳಿದರೆ ಏನು ಹೇಳಬೇಕು? ಸಭೆಗೆ ಮೊದಲು ಒಬ್ಬ ತಮ್ಮ ಇದನ್ನೇ ಕೇಳಿದ. ತಮ್ಮ, ನಾವು ಈಗ ಮೊದಲೇ ಹೇಳಿಬಿಡುತ್ತೇವೆ. ಬಾಗಿಲಲ್ಲೇ, ನೀರು ಕುಡಿಯುವ ಮೊದಲೇ. ಕೆಲವರು ಅಳಿಯನನ್ನು ಕರೆಸುತ್ತಾರೆ. ಕೆಲವರು, "ಅದರಾಗೇನದ ತಮ್ಮ, ಬಾಡಿಗಿ ಟೈಮಿಗಿ ಕೊಡ್ರಿ" ಅನ್ನುತ್ತಾರೆ. ಈಗ ನಾವಿರುವ ಖೋಲಿ ಹಾಗೆ ಸಿಕ್ಕಿದ್ದು, ಹನ್ನೊಂದನೇ ಮನೆಯಲ್ಲಿ. ಹತ್ತು ಮನೆ ತಿರುಗಲು ಕಾಲಿಗೆ ಶಕ್ತಿ ಬೇಕು, ಅಲ್ಲಿವರೆಗೆ ಮಲಗಲು ಜಾಗ ಬೇಕು. ಒಬ್ಬನೇ ತಿರುಗಿದರೆ ನಾಲ್ಕನೇ ಮನೆಗೆ ಸುಳ್ಳು ಬಾಯಿಗೆ ಬಂದುಬಿಡುತ್ತದೆ, ನಮಗೆ ಗೊತ್ತು.

ಅದಕ್ಕೇ ಈ ನೋಟುಬುಕ್ಕು. 200 ಪೇಜು. ಕಲಬುರಗಿಯಲ್ಲಿ ಓದಿ ಬಂದ ಅಣ್ಣಂದಿರು, ಅಕ್ಕಂದಿರು ಇವತ್ತೇ ಬರೆಯಿರಿ: ಯಾವ ಓಣಿ, ಬಾಡಿಗೆ ಎಷ್ಟು, ನೀರು ಎಷ್ಟು ದಿನಕ್ಕೆ, ಕಡೆಯ ಬಸ್ಸು, ಚಿಲಕ, ಮಾಲಕರು ಏನು ಕೇಳಿದರು, ನೀವು ಏನು ಹೇಳಿದಿರಿ. ಸುಳ್ಳು ಹೇಳಿದ್ದರೆ ಅದನ್ನೂ ಬರೆಯಿರಿ, ನಿಮ್ಮ ಹೆಸರು ಬೇಡ. ಮೊದಲನೇ ಪೇಜು ನಾವು ಬರೆದಿದ್ದೇವೆ. ಜೂನ್ ಪೂರ್ತಿ ನಮ್ಮ ಖೋಲಿಯಲ್ಲಿ ಮೂರು ಜನಕ್ಕೆ ಚಾಪೆ ಇದೆ. ಫೋಟೊ ಗೋಡೆಯ ಮೇಲಿದೆ. ನಿಮ್ಮ ಅಪ್ಪನನ್ನೂ ಕರೆತನ್ನಿ.

ಜೈ ಭೀಮ್.