ಅಡ್ಡಹೆಸರುಗಳ ಮೂಲವೂ ಕಾಯಕದ ಗೌರವವೂ



ಮನುಷ್ಯನಿಗೆ ಹೆಸರು ಎರಡು ಬಗೆಯಾಗಿ ಬರುವದು. ಒಂದು ತೊಟ್ಟಿಲಲ್ಲಿ ಇಟ್ಟದ್ದು. ಇನ್ನೊಂದು ಮನೆತನದಿಂದ ಇಳಿದು ಬಂದದ್ದು. ಮೊದಲನೆಯದು ತಾಯಿತಂದೆಗಳ ಬಯಕೆಯನ್ನು ಹೇಳುವದು. ಎರಡನೆಯದು ಹಿರಿಯರ ಬಾಳನ್ನು ಹೇಳುವದು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಇಟ್ಟುಕೊಳ್ಳುವದು ವಾಡಿಕೆ. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಗಾದರೋ ತನ್ನ ಹೆಸರು, ತಂದೆಯ ಹೆಸರು, ಆ ಬಳಿಕ ಅಡ್ಡಹೆಸರು ಎಂಬ ಕ್ರಮವಿರುವದು.

ಈ ಅಡ್ಡಹೆಸರುಗಳು ಸ್ಥೂಲವಾಗಿ ನಾಲ್ಕು ಮೂಲಗಳಿಂದ ಹುಟ್ಟಿರುವವು. ಮೊದಲನೆಯದು ಊರು. ವಚನಗಾಯನದಿಂದ ನಾಡನ್ನು ತಣಿಸಿದ ಮಲ್ಲಿಕಾರ್ಜುನ ಮನಸೂರರ (1910–1992) ಅಡ್ಡಹೆಸರು ಧಾರವಾಡದ ಸಮೀಪದ ಮನಸೂರು ಗ್ರಾಮದ್ದು. ಇಂಥ ಹೆಸರು ಬಹುಮಟ್ಟಿಗೆ ಊರು ಬಿಟ್ಟು ಬಂದವನಿಗೇ ಅಂಟುವದು. ಹುಟ್ಟಿದ ಊರಿನಲ್ಲಿಯೇ ಇರುವವನಿಗೆ ಅದರಿಂದ ಗುರುತಿಲ್ಲ. ಎರಡನೆಯದು ಅಧಿಕಾರ: ಪಾಟೀಲ, ದೇಸಾಯಿ, ಕುಲಕರ್ಣಿ, ತಳವಾರ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ತೆಗೆದುಹಾಕಿತು. ಅಧಿಕಾರ ಹೋಯಿತು, ಹೆಸರು ಉಳಿಯಿತು. ಮೂರನೆಯದು ಮಠ: ಹಿರೇಮಠ, ಚಿಕ್ಕಮಠ, ಸಾಲಿಮಠ, ಗಣಾಚಾರಿ. ನಾಲ್ಕನೆಯದು ಕಸುಬು ಮತ್ತು ವ್ಯಾಪಾರ: ಗಾಣಿಗೇರ, ಬಡಿಗೇರ, ಕುಂಬಾರ, ಹೂಗಾರ, ಜವಳಿ, ಹತ್ತಿ, ಬೆಲ್ಲದ, ಮೆಣಸಿನಕಾಯಿ.

ಇವುಗಳ ಶಬ್ದರಚನೆಯೂ ಬೋಧಪ್ರದವಾಗಿದೆ. ಕುಂಭಕಾರ ಶಬ್ದವೇ ಸವೆದು ಕುಂಬಾರವಾಯಿತು. ಬಡಿಗೇರ ಎಂದರೆ ಬಡಿಗರ ಮನೆಯವನು. ಬೆಲ್ಲದ ಎಂದರೆ ಬೆಲ್ಲದ ವ್ಯಾಪಾರದವನು. ಷಷ್ಠೀ ವಿಭಕ್ತಿ ನಿಂತು, ಮುಂದಿನ ಪದವು ಜನರ ಬಾಯಿಯಲ್ಲಿ ಲೋಪವಾಗಿರುವದು.

ಶರಣರ ಹೆಸರುಗಳನ್ನು ಇಲ್ಲಿ ನೆನೆಯುವದು ಉಚಿತ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಮಾದಾರ ಚೆನ್ನಯ್ಯ! ಲೋಕವು ಯಾವ ಕಸುಬನ್ನು ಕೀಳೆಂದು ಎಣಿಸಿತ್ತೋ ಅದನ್ನೇ ಶರಣರು ತಮ್ಮ ಹೆಸರಿನ ಮುಂಗಡೆಯಲ್ಲಿ ಧರಿಸಿದರು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದನೆಂದು ಪರಂಪರೆಯು ಹೇಳುವದು. ಆತನ ಹೆಸರಿನಲ್ಲಿ ಕಿರೀಟದ ಗುರುತಿಲ್ಲ. ಹೊತ್ತು ಮಾರಿದ ಕಟ್ಟಿಗೆಯ ಹೊರೆಯ ಗುರುತಿದೆ. ಆಯ್ದಕ್ಕಿ ಮಾರಯ್ಯನ ಹೆಸರಿನಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದ ಕೈಗಳಿವೆ.

ಹೀಗಿರಲು, ಇಂದು ಕೆಲವರು ಕಸುಬಿನ ಅಡ್ಡಹೆಸರಿಗೆ ನಾಚಿ, ಅದನ್ನು ಬಿಟ್ಟು ಅಧಿಕಾರದ ಹೆಸರನ್ನೋ ಊರಿನ ಹೆಸರನ್ನೋ ಇಟ್ಟುಕೊಳ್ಳುವದುಂಟು. ಅವರನ್ನು ಹಳಿಯುವದು ಸುಲಭ. ಆದರೆ ಹೆಸರು ಕೇಳಿದೊಡನೆ ಕುಲವನ್ನು ಅಳೆದು, ಪಂಕ್ತಿಯಲ್ಲಿಯೂ ಬೀಗತನದಲ್ಲಿಯೂ ಹಿಂದೆ ಸರಿಯುವವರು ಇರುವ ತನಕ ಆ ನಾಚಿಕೆಯ ದೋಷವು ಹೆಸರು ಬಿಟ್ಟವನದಲ್ಲ, ಬಿಡಿಸಿದವನದು. ಅಳೆಯುವ ಕೋಲೂ ಸುಳ್ಳಾದದ್ದೇ: ಪಾಟೀಲ, ದೇಸಾಯಿ ಎಂಬ ಹೆಸರುಗಳು ಲಿಂಗಾಯತರಲ್ಲಿಯೂ ಜೈನರಲ್ಲಿಯೂ ಮರಾಠರಲ್ಲಿಯೂ ಇರುವವು.

ಅಡ್ಡಹೆಸರು ಹಿರಿಯರು ದುಡಿದು ಉಂಡುದಕ್ಕೆ ಸಾಕ್ಷಿಯೇ ಹೊರತು ಮನುಷ್ಯರ ನಡುವೆ ಕಟ್ಟಿದ ಬೇಲಿಯಲ್ಲ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವರಲ್ಲಿ ಹೆಚ್ಚುಕಡಿಮೆಗಳಿಲ್ಲವೆಂಬದು ಶರಣಧರ್ಮದ ತಳಹದಿ. ಮಠದ ದಾಸೋಹದಲ್ಲಿ ಗಾಣಿಗೇರನೂ ದೇಸಾಯಿಯೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವರು. ಆ ಸಾಲು ಮನೆಯ ಹೊಸ್ತಿಲವರೆಗೂ, ಮದುವೆಯ ಹಂದರದವರೆಗೂ ಬೆಳೆದ ದಿನ ಯಾವ ಹೆಸರೂ ಯಾರಿಗೂ ಭಾರವಾಗದು.